ಎರವಲು

ನನ್ನ ಸತ್ಯವೇದದ ಬೆನ್ನು ಬಿಚ್ಚಿಕೊಂಡಿತ್ತು.
ಮಾರ್ಕೆಟ್ ರಸ್ತೆಯ ಬೈಂಡಿಂಗ್ ಅಂಗಡಿಯಲ್ಲಿ ಖಲಂದರ್ ಸಾಬರು
ಹಾಳೆ ತಿರುವಿ, ಕನ್ನಡಕ ಹಣೆಗೇರಿಸಿ ಕೇಳಿದರು:
"ಇದೇನಮ್ಮ, ಅಂಚಿನ ತುಂಬ ಹೆಸರು?
ಬಾಕಿ ಕೊಡಬೇಕಾದವರದಾ?"

ನಕ್ಕೆ. ನಗು ಇಂದಾವರ ರಸ್ತೆಯ ತಿರುವಿನವರೆಗೂ ಬಂತು,
ಆಮೇಲೆ ಬರಲಿಲ್ಲ.

ನಾನೇ ಬರೆದದ್ದು, ಕೆಂಪು ಪೆನ್ಸಿಲಿನಲ್ಲಿ,
ಇಪ್ಪತ್ತೆರಡು ವರ್ಷ.
ನಾಲಿಗೆಯ ಪಾಪದ ಪಕ್ಕ: ಸುಗಂಧಿ.
ಬಡ್ಡಿಗೆ ಕೊಡುವವರ ಪಕ್ಕ: ಮೇಸ್ತ್ರಿ ಜಕರೀಯ.
ಉದ್ದುದ್ದ ಪ್ರಾರ್ಥನೆ ಮಾಡುವವರ ಪಕ್ಕ
ಅಯ್ಯನವರು, ಅಡಿಗೆ ಎರಡು ಗೆರೆ.
ಎಲ್ಲರಿಗೂ ಒಂದೊಂದು ವಚನ ಹಂಚಿದ್ದೆ
ಕ್ರಿಸ್‌ಮಸ್ಸಿಗೆ ಕೇಕು ಹಂಚಿದ ಹಾಗೆ;
ನನ್ನ ತಟ್ಟೆ ಖಾಲಿ, ಅದೇ ಒಂದು ಹೆಮ್ಮೆ.

ಹಗಲೆಲ್ಲ ನನ್ನ ಕಸುಬೇ ಅದು:
ಕಾಫಿ ಕ್ಯೂರಿಂಗಿನ ಉದ್ದ ಕೊಠಡಿ, ಬೆಲ್ಟಿನ ಎಡಬದಿ.
ಕಪ್ಪು ಬೀಜ, ಒಡಕು ಬೀಜ, ಹುಳು ಕೊರೆದದ್ದು,
ಕಣ್ಣು ಹೇಳುವ ಮುಂಚೆ ಬೆರಳು ತೆಗೆದಿರುತ್ತದೆ.
ಆ ಬೆರಳನ್ನು ಸೋಪು ಹಚ್ಚಿ ತೊಳೆದೇ ಓದಲು ಕೂರುತ್ತೇನೆ.
ಆದರೂ.

ಎಂಟು ದಿನ ಬೇಕು ಎಂದರು ಸಾಬರು.
ಕೇಳಬಹುದಾದ ಬಾಗಿಲು ಉಪ್ಪಳ್ಳಿಯಲ್ಲಿ ಒಂದೇ, ಎದುರಿನದು.
ಓರಗಿತ್ತಿ ಸುಗಂಧಿಯ ಜೊತೆ ಮಾತು ಬಿಟ್ಟು ಮೂರನೇ ಈಸ್ಟರ್.
ಕಾರಣ ಒಂದು ಕುಕ್ಕರ್;
ಅದೀಗ ಅವಳಲ್ಲೂ ಇಲ್ಲ, ನನ್ನಲ್ಲೂ ಇಲ್ಲ.
ಅವಳು ಯಾಕೆ ಎನ್ನಲಿಲ್ಲ. ಸೆರಗಿನಲ್ಲಿ ಒರೆಸಿ ಕೊಟ್ಟಳು.
"ಹುಷಾರು, ಕೊನೇ ಹಾಳೆಗಳು ಸಡಿಲ."

ರಾತ್ರಿ ನಾನು ಮಂಡಿಯೂರಲಿಲ್ಲ, ಸುಳ್ಳು ಯಾಕೆ.
ದೀಪದಡಿಗೆ ಎಳೆದುಕೊಂಡು ಹುಡುಕಿದೆ
ನನ್ನ ಹೆಸರನ್ನು.
ನಾಲಿಗೆಯ ಪುಟದಲ್ಲಿ ಇರಲೇಬೇಕು. ಇರಲಿಲ್ಲ.
ಗರ್ವದ ಪುಟದಲ್ಲಿ? ಇಲ್ಲ.
ಕಣ್ಣಿನ ತೊಲೆಯ ಹತ್ತಿರ ಅಂಟಿಕೊಂಡ ಒಂದು ಅಗುಳು.
ಕೀರ್ತನೆಗಳಲ್ಲಿ ಅರಿಶಿನದ ಹೆಬ್ಬೆಟ್ಟು.
ಇಂಥವನ ಮಗ ಇಂಥವನೆಂದು ಮುಗಿಯದೆ ಸಾಗುವ,
ನಾನು ಸದಾ ಹಾರಿಸುವ ಆ ಹಾಳೆಗಳಲ್ಲಿ ಸಹ
ಪ್ರತಿ ಸಾಲಿನಡಿ ಬೆರಳು ಎಳೆದ ಜಿಡ್ಡಿನ ದಾರಿ.
ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವಳು ಅವಳು,
ಮೂವತ್ತು ದಾಟಿದ ಮೇಲೆ.
ಒಂದು ಪದ ಬಿಟ್ಟರೂ ಅವಳಿಗೆ ಊರು ಸಿಗುವುದಿಲ್ಲ.

ಸಭೆಯಲ್ಲಿ ಅವಳು ತಡವರಿಸಿದಾಗ
ಮುಂದಿನ ಪದ ಗಟ್ಟಿಯಾಗಿ ಹೇಳಿಕೊಟ್ಟವಳು ನಾನು.
ಸಹಾಯ ಅಂದುಕೊಂಡರು ಜನ. ನಾನೂ.

ಒಂದೂವರೆಯಾಯಿತು. ಹೆಸರು ಸಿಗಲಿಲ್ಲ.
ಹೇಳಲು ನಾಚಿಕೆ, ಸಿಗದ್ದಕ್ಕೆ ಬೇಜಾರಾಯಿತು.
ಮೂರು ವರ್ಷದ ಸಿಟ್ಟಿಗೆ ಒಂದು ಅಂಚೂ ಇಲ್ಲವೇ ನನಗೆ?

ಪ್ರಾರ್ಥಿಸೋಣವೆಂದು ಬಾಯಿ ತೆರೆದೆ.
ನನ್ನ ಪ್ರಾರ್ಥನೆಗೆ ಹೆಸರಿದೆ; ಸ್ತ್ರೀಯರ ಕೂಟದಲ್ಲಿ ನನ್ನನ್ನೇ ಏಳಿಸುತ್ತಾರೆ.
ಭೂಮ್ಯಾಕಾಶಗಳ ಒಡೆಯನೇ ಎಂದು ಎತ್ತಿದೆನೆಂದರೆ
ಕಂಚಿನ ತಟ್ಟೆಯ ಹಾಗೆ ಖಣಖಣ.
ಅಂದು ಮೊದಲ ಪದದಲ್ಲೇ ನನ್ನ ದನಿ ನನಗೆ ಕೇಳಿಸಿಬಿಟ್ಟಿತು.
ನಿಂತೆ. ಮುಂದಿನ ಪದ ಯಾರಾದರೂ ಹೇಳಿಕೊಡಲೆಂದು ಕಾದೆ.
ಯಾರೂ ಹೇಳಿಕೊಡಲಿಲ್ಲ.
ಬಹಳ ಹೊತ್ತು.
ಗೋಡೆಯಾಚೆ ಯಾರದೋ ನೀರಿನ ಮೋಟಾರು ಓಡಿ ಓಡಿ
ಅದೂ ಸುಮ್ಮನಾಯಿತು.

ಆಮೇಲೆ ಪುಸ್ತಕ ತೆರೆದೆ, ತೆರೆದುಕೊಂಡ ಕಡೆ.
ಅವಳ ಜಿಡ್ಡಿನ ದಾರಿಯ ಮೇಲೆ ನನ್ನ ಬೆರಳಿಟ್ಟು
ಅಕ್ಷರಕ್ಕೆ ಅಕ್ಷರ ಕೂಡಿಸುತ್ತ,
ಆರಿಸದೆ, ಯಾರ ಕಡೆಗೂ ಎಸೆಯದೆ,
ಅರ್ಧ ಪುಟ ಓದಿದೆ.
ಅರ್ಥವಾಯಿತೆಂದು ಹೇಳಲಾರೆ.

ಶನಿವಾರ ಸಾಬರು ನನ್ನದನ್ನು ಕೊಟ್ಟರು,
ಹೊಸ ರಟ್ಟು, ಕಪ್ಪು ಬಟ್ಟೆ, ನೂರಾ ಎಂಬತ್ತು ರೂಪಾಯಿ.
"ಅಂಚು ಕತ್ತರಿಸಿ ಸಮ ಮಾಡಿದೀನಿ.
ಹೆಸರು ಸ್ವಲ್ಪ ಹೋಗಿರಬಹುದು."
ಸುಗಂಧಿ ಕೆಲವು ಕಡೆ ಗಂಧಿ, ಕೆಲವು ಕಡೆ ಬರೀ ಸು.
ಅಯ್ಯನವರು ಮಾತ್ರ ಪೂರ್ತಿ ಉಳಿದಿದ್ದರು.

ಅವಳದನ್ನು ಹಿಂದಿರುಗಿಸಲು ಹೋದವಳು
ಹೊಸ್ತಿಲಲ್ಲಿ ನಿಂತು, ಕೈಯಲ್ಲೇ ಇಟ್ಟುಕೊಂಡು,
ಇನ್ನೂ ನಾಲ್ಕು ದಿನ ಬೇಕಿತ್ತು ಎಂದೆ.
"ಇಟ್ಕೊಳ್ಳಿ ಅಕ್ಕ," ಎಂದಳು,
"ಹೆಂಗೂ ನಂದು ಓದೋದು ನಿಧಾನ."
ನಂದೂ, ಎಂದೆ.