ಎಡಗಡೆಯ ಬ್ರೇಕು

ಚಮನ್‌ಸಾಬ್ ಲೆಕ್ಕ ಬರೆದದ್ದು
ಬ್ರೇಕ್ ಶೂ ಬಂದಿದ್ದ ರಟ್ಟಿನ ಡಬ್ಬಿಯ ಬೆನ್ನಿಗೆ.
ಪೆನ್ನು ಎರಡು ಸಲ ಕೈಕೊಟ್ಟಿತು,
ಎರಡೂ ಸಲ ಸೊನ್ನೆ ಹಾಕುವಾಗ.
ನಾನು ಬೇಡಿಕೊಂಡದ್ದೂ ಅದನ್ನೇ.

ಟೈಮಿಂಗ್ ಬೆಲ್ಟು, ಅದರ ಜೊತೆಗಾರ ಬೇರಿಂಗು, ವಾಟರ್ ಪಂಪು.
ಮುಂದಿನ ಶಾಕು ಎರಡೂ. ಟೈರು ನಾಲ್ಕೂ.
ಕ್ಲಚ್ ಸೆಟ್ಟೊಂದೇ ನಾಲ್ಕು ಸಾವಿರದ ಇನ್ನೂರು.
ಸ್ಟೇರಿಂಗು? "ಬಿಚ್ಚಿ ನೋಡಿ ಹೇಳ್ತೀನಕ್ಕಾ."
ಬಿಚ್ಚಿ ನೋಡಿ ಹೇಳ್ತೀನಿ ಅನ್ನುವುದು
ಕೌಲ್ ಬಜಾರಿನಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನು.
ಒಟ್ಟು ಮೂವತ್ತೆಂಟು ಸಾವಿರದ ಆರುನೂರ ಐವತ್ತು.
ಮೇಲಿನ ಐವತ್ತು ತಾನೇ ಹೊಡೆದುಹಾಕಿದ.
ಗುಜರಿಯ ಹನುಮೇಶ ಹೋದ ವಾರ ಗಾಡಿಗೆ ಒಂದು ಸುತ್ತು ಬಂದು
ಐವತ್ತೈದು ಅಂದಿದ್ದ. "ಅದೂ ನಿಮ್ಮ ಮುಖ ನೋಡಿ."

ಎರಡು ಲಕ್ಷದ ಎಂಬತ್ತೇಳು ಸಾವಿರ ಕಿಲೋಮೀಟರು.
ಭೂಮಿಯನ್ನೇ ಏಳು ಸಲ ಸುತ್ತಬಹುದಂತೆ, ಮಗಳು ಭಾಗಿಸಿ ಹೇಳಿದಳು.
ನಮ್ಮದು ಅಲ್ಲೀಪುರ ದಾಟಿದ್ದೇ ಬೆರಳೆಣಿಕೆ.
ಮೈದಾನದಲ್ಲಿ ಎಂಟರ ಆಕಾರ,
ಕೋಟೆ ಗುಡ್ಡದ ಬುಡದ ಏರಿನಲ್ಲಿ ನಿಲ್ಲಿಸಿ, ಬಿಟ್ಟು, ನಿಲ್ಲಿಸಿ,
ಸುಧಾ ಕ್ರಾಸಿನ ಗೇಟಿನಲ್ಲಿ ಗೂಡ್ಸಿನ ಡಬ್ಬಿ ಎಣಿಸಿ
ಮತ್ತೆ ಮೈದಾನ.
ಗಾಣದ ಎತ್ತಿಗೆ ಮೀಟರು ಕಟ್ಟಿದ್ದರೆ
ಅದಕ್ಕೂ ಒಂದು ಸರ್ವಿಸು ಹೇಳುತ್ತಿದ್ದರೇನೋ.

ಬಿಚ್ಚಿದ ಕ್ಲಚ್ ಪ್ಲೇಟು ಗೋಣಿತಾಟಿನ ಮೇಲೆ,
ಹೆಂಚಿನಲ್ಲಿ ಮರೆತ ರೊಟ್ಟಿಯ ಹಾಗೆ.
ಯಾರ ಪಾಲು ಎಷ್ಟು ಅಂತ ತಿರುಗಿಸಿ ನೋಡಿದೆ.
ಈ ಅಂಚು ಆಶಾ ಕೆಲಸದ ಸುಂಕಮ್ಮನದು,
ಪೆಡಲಿನಿಂದ ಕಾಲು ತೆಗೆಯುವುದೆಂದರೆ
ಕೂಸನ್ನು ಕೈಬಿಟ್ಟಷ್ಟು ಭಯ ಆಕೆಗೆ.
ಜೀನ್ಸಿನ ಜೇಬು ಹೊಲಿಯುವ ವಲಿಬಾಷಾ
ಮಿಷಿನ್ನು ತುಳಿದಂತೆ ತುಳಿದ, ಟಕಟಕ ಟಕಟಕ,
ಆರು ದಿನ ನನ್ನ ಸೊಂಟ ಹೊಲಿದ.
ಬ್ಯಾಂಕಿನ ಶೇಷಗಿರಿರಾಯರು ರಿಟೈರಾದ ಮೇಲೆ ಬಂದರು.
ಕಲಿತರು. ಲೈಸೆನ್ಸು ತಗೊಂಡರು.
ಗಾಡಿ ಮಾತ್ರ ಇವತ್ತಿಗೂ ಕೊಂಡಿಲ್ಲ,
ಸಿಕ್ಕಾಗೆಲ್ಲ ನನ್ನನ್ನು ಗುರುಗಳೇ ಅನ್ನುತ್ತಾರೆ.
ಹದಿನಾಲ್ಕು ವರ್ಷದ ಊರಿನ ಅಂಜಿಕೆ ತೆಳ್ಳಗಾಗಿ ತೆಳ್ಳಗಾಗಿ
ರಿವೆಟ್ಟಿನ ತಲೆ ಕಾಣುವವರೆಗೆ ಸವೆದಿತ್ತು.
ಯಾರನ್ನೂ ಕೇಳುವಂತಿಲ್ಲ:
ಫೀಸು ಆಗಲೇ ತಗೊಂಡಿದ್ದೇನೆ, ತಿಂದೂ ಆಗಿದೆ.

ಗಾಡಿಯೊಳಗೆ ತಲೆ ತೂರಿಸಿದ್ದ ಚಮನ್‌ಸಾಬ್ ಅಲ್ಲಿಂದಲೇ ಅಂದ:
"ಅವರ ಪೆಡಲಿಗಿಂತ ನಿಮ್ಮದೇ ಜಾಸ್ತಿ ಸವದೈತಿ ನೋಡ್ರಕ್ಕಾ."
ಬಗ್ಗಿ ನೋಡಿದೆ. ಎಡಗಡೆಯ ಬ್ರೇಕು,
ಕಲಿಸುವವರ ಕಡೆಯದು.
ರಬ್ಬರಿನ ಗೆರೆಯಿದ್ದ ಕಡೆ ಕನ್ನಡಿ.
"ಹೆದರಬ್ಯಾಡ್ರಿ, ಗಾಡಿ ನಿಮ್ಮ ಕೈಯಾಗೈತಿ" ಅಂತ
ಬಾಯಿ ಹೇಳುತ್ತಿದ್ದಾಗೆಲ್ಲ
ಕಾಲು ಏನು ಮಾಡುತ್ತಿತ್ತು ಅಂತ
ಇವನೊಬ್ಬನಿಗೆ ಗೊತ್ತಾಗಿಹೋಯಿತು.

ಚೀಟಿ ಕೂಗಿ ಎತ್ತಿದ್ದು ಇಪ್ಪತ್ತು.
ಹೊಸ ಬ್ಯಾಚಿನ ಮುಂಗಡ ಸ್ವಲ್ಪ.
ಉಳಿದದ್ದು ಯುಗಾದಿ ಒಳಗೆ ಅಂದೆ.
ಯಾವ ಯುಗಾದಿ ಅಂತ ಅವನು ಕೇಳಲಿಲ್ಲ.

ನಾಲ್ಕನೇ ದಿನ, ಬೆಳಿಗ್ಗೆ ಆರು.
ಗುಡ್ಡದ ಬಂಡೆಗೆ ಬಿಸಿಲು ಇನ್ನೂ ಹತ್ತಿಲ್ಲ.
ಹೊಸ ನರ್ಸು ಮೇರಿ ಶಾಂತಕುಮಾರಿ,
ನೂರಾರು ಸೂಜಿ ಚುಚ್ಚಿದ ಕೈ, ಸ್ಟೇರಿಂಗಿನ ಮೇಲೆ ನಡುಗುತ್ತದೆ.
ಇಂಜಿನ್ನಿಗೆ ಸದ್ದೇ ಇಲ್ಲ, ಆಫಾಯಿತೇನೋ ಅಂತ
ನಾನೇ ಎರಡು ಸಲ ಕಿವಿಗೊಟ್ಟೆ.
ಏರು ಬಂತು. ಹಿಂದೆ ಅದಿರಿನ ಲಾರಿ, ಅದರ ಹಾರನ್ನು.
ಗಾಡಿ ಒಂದಿಷ್ಟು ಹಿಂದೆ ಜಾರಿ, ಮುಂದೆ ಒದರಿ,
ಆಮೇಲೆ ಆ ವಾಸನೆ,
ನಾಲ್ಕು ಸಾವಿರದ ಇನ್ನೂರರ ವಾಸನೆ.

ನನ್ನ ಕಾಲ ಕೆಳಗೆ ಹೊಸ ರಬ್ಬರು,
ಚಮನ್‌ಸಾಬ್ ಕೇಳದೆ ಹಾಕಿದ್ದು, ರಟ್ಟಿನ ಮೇಲೆ ಇಲ್ಲದ್ದು.
ಗೆರೆಗೆರೆ ಚುಚ್ಚುತ್ತದೆ.
ಒತ್ತಲಿಲ್ಲ. ಒಂದಂಗುಲ ಮೇಲೆ ಹಿಡಿದುಕೊಂಡೆ
ಎಷ್ಟು ಹೊತ್ತು ಆದೀತೋ ಅಷ್ಟು.
"ಅರ್ಧ ಬಿಡ್ರಿ" ಅಂದೆ, "ಅರ್ಧ ಹಿಡ್ಕೊಳ್ರಿ."