ಉದ್ರಿ ವಹಿಯ ಹಿಂದಿನ ಹಾಳಿ

ನಮ್ಮ ಕಿರಾಣಿ ಅಂಗಡಿ ಉದ್ರಿ ವಹಿ
ಮುಂದಿನಿಂದ ತೆರದ್ರ ಅಪ್ಪನ ಅಕ್ಷರ:
ಕಮತಗಿ ಹುಚ್ಚೇಶ, ಬೆಲ್ಲ ಅರ್ಧ ಕಿಲೋ, ನಾಡದ ಕೊಡತಾನ.
ಬುಡಮೇಲು ಮಾಡಿ ಹಿಂದಿನಿಂದ ತೆರದ್ರ ನನ್ನವು.
ಗುಳೇದಗುಡ್ಡದಾಗ ಮಗ್ಗ ಊಟಕ್ಕ ನಿಲ್ಲೋ ಹೊತ್ತಿನಾಗ
ಗಿರಾಕಿ ಇಲ್ಲದಾಗ ಫೋನಿನ್ಯಾಗ ಹುಡುಕಿ
ಬರದಿಟ್ಟ ವಿಳಾಸ.
ಅಪ್ಪ ಹಾಳಿ ನೆತ್ತಿಗೆ ಶ್ರೀ ಹಾಕಿದಂಗ
ನಾನೂ ಮೂರು ಡಬ್ಲ್ಯೂ ಹಾಕತಿದ್ದೆ;
ಶಾಯಿ ದಂಡ ಅಂತ ಬಿಟ್ಟೆ.

"ನನ್ನ ಕಡೆ ಅರವತ್ತರ ಮ್ಯಾಲ ಸೈಟ್ ಅದಾವ" ಅಂದ್ರ
ಅಪ್ಪ ತಕ್ಕಡಿ ಒರಸಿಕೋತ ಕೇಳತಾನ:
"ಮೂವತ್ತು-ನಲವತ್ತರವೇನು?"

ಮೊದಲ ಹಾಳಿ ಕೆಲಸದ್ದು.
ಹೊಲದ ಉತಾರ ತಗಿಯೂದು.
ಬಾದಾಮಿ ರೈಲು ಎಷ್ಟು ತಡ ಅನ್ನೂದು.
ಕುಕ್ಕರ್ ಶಿಟ್ಟಿ ಹೊಡೀದಿದ್ರ ಏನು ಬಿಚ್ಚಬೇಕು, ಏನು ಬಿಚ್ಚಬಾರದು,
ಚಿತ್ರ ತಗದು ತಿಳಿಸಿದ್ದು ಒಂದು.
ಅದರ ಮಗ್ಗಲಕ ಬೆರಳಿನ ಗುರುತು ಒತ್ತೇನಿ.
ಒಮ್ಮೆ ಪೂರ್ತಿ ಓದಿರಲಿಲ್ಲ, ಬೆರಳು ಸುಟ್ಟಿತ್ತು.

ಹಕ್ಕಿ ದನಿ ಕೂಡಿಸಿಟ್ಟವರದು ಒಂದೈತಿ.
ಹಿತ್ತಲ ಬೇವಿನಾಗ ಕಣ್ಣಿಗೆ ಬೀಳದ ಯಾವುದೋ
ದಿನಾ ಮುಂಜಾನೆ ಖಾಲಿ ಕೊಡ ಬಡದಂಗ ಕೂಗತಿತ್ತು.
ಒಂದೊಂದ ಒತ್ತಿ ಕೇಳಿದೆ. ಹದಿನೇಳನೇದು ಅದ. ಕೆಂಬೂತ.
ಫೋನ್ ಕೂಗಿದ್ದಕ್ಕ ಗಿಡದಿಂದ ಉತ್ತರ ಬಂತು.
ಮತ್ತ ಒತ್ತಿದೆ. ಮತ್ತ ಬಂತು.
ಮೂರನೇ ಸಲಕ್ಕ ಸುಮ್ಮನಾತು.
ಮೋಸ ಮಾಡಿದೆನೇನೋ ಅನಿಸಿ
ಫೋನ್ ಅಕ್ಕಿ ಡಬ್ಬಿ ಮ್ಯಾಲ ಬೋರಲು ಇಟ್ಟೆ.

ಇನ್ನೊಂದರಾಗ ತಾರೀಖು ಹಾಕಿದ್ರ
ಆ ರಾತ್ರಿಯ ಆಕಾಶ ಬರತೈತಿ.
ಖಣ ನೇಯೋ ಮಾಗುಂಡಪ್ಪಜ್ಜ ಬೀಡಿಗೆ ಬಂದವ
"ನಾ ಹುಟ್ಟಿದ ರಾತ್ರೀದು ತೋರಸು" ಅಂದ.
ಯಾವಾಗ ಹುಟ್ಟಿದಿ ಅಜ್ಜಾ?
"ಪಂಚಮಿ ಎರಡು ದಿನ ಇತ್ತು. ಓಣಿಗೆ ಕರೆಂಟಿನ ಕಂಬ ಬಂದ ವರ್ಷ,
ಇಲ್ಲಾ ಅದರ ಆಚಿಗೊ ಈಚಿಗೊ."
ಕಂಬಕ್ಕ ತಾರೀಖಿಲ್ಲ. ಸೈಟಿಗೆ ಪಂಚಮಿ ಗೊತ್ತಿಲ್ಲ.
ಹಳೇ ಪಂಚಾಂಗದ್ದು ಬ್ಯಾರೆ ಹುಡುಕಿ, ತಿಥಿ ಕೂಡಿಸಿ,
ಮೂರು ವರ್ಷದ ಮೂರು ಆಕಾಶ ತಗದೆ.
ಮೂರರಾಗೂ ಚುಕ್ಕಿ ಇದ್ದಲ್ಲೇ ಇದ್ವು,
ಚಂದ್ರಾಮ ಅದೇ ತೆಳ್ಳನ ಗೆರಿ.
ಗುರು ಒಬ್ಬ ಮನಿ ಬದಲಿಸಿದ್ದ.
ಅಜ್ಜ ಕನ್ನಡಕ ಏರಿಸಿ, ಇಳಿಸಿ,
ಅಂಚಿನ ಬಣ್ಣ ಆರಿಸಿದಂಗ ನಡುವಿನದಕ್ಕ ಬೆರಳಿಟ್ಟ:
"ಇದನ್ನ ಇಡು."
ಅವತ್ತಿಂದ ಆತಗ ಹುಟ್ಟಿದ ದಿನ ಐತಿ.
ಬೀಡಿ ಮಾತ್ರ ಉದ್ರಿ.

ಎಳಿ ಎಣಿಸಿ ಹೊಲಿಯೋರದು ಒಂದು, ಹಿಮ ಬೀಳೋ ದೇಶದ್ದು.
ಅವರ ಭಾಷಾ ಒಂದಕ್ಷರ ತಿಳಿಯೂದಿಲ್ಲ,
ಚೌಕಳಿ ಹಾಳಿ ತಿಳೀತೈತಿ.
ಅವರ ಜಿಂಕಿ ನನ್ನ ಗವಂತಿಯೊಳಗ ಬಂದು
ಕೋಡು ಬೆಳಸಿ ಗೋಪುರ ಆತು.
ಗವಂತಿಗೆ ಬೆನ್ನಿಲ್ಲ. ತಿರುವಿ ಹಾಕಿದ್ರೂ ಅದೇ ಮುಖ.
ವಹಿ ಹಂಗಲ್ಲ.

ಹನ್ನೊಂದನೇ ಹಾಳೀದು ಒಂದು ಈಗ ತೆರಿಯೂದಿಲ್ಲ.
ಯಾರೋ ಮಾಸ್ತರ ಕವಡಿ ಆಟದ ನಿಯಮ ಎಲ್ಲಾ ಬರದಿಟ್ಟಿದ್ದ;
ಚೌಕಾಬಾರಾದಾಗ ಯಾವ ಮನಿಯೊಳಗ ಕಾಯಿ ಕಡೀಬಾರದು ಅನ್ನೋ
ಓಣಿ ಹೆಣಮಕ್ಕಳ ಜಗಳ ಎರಡು ವರ್ಷ ಅವನ ಬಗಿಹರಿಸಿದ್ದ.
ಈಗ ಒತ್ತಿದ್ರ ಬಿಳೀ ಪರದೆ.
"ಗೀಚಿ ಹಾಕು" ಅಂದ ತಮ್ಮ ಮಹಾರುದ್ರ.
ವಹಿ ಬುಡಮೇಲು ಮಾಡಿ ತೋರಿಸಿದೆ:
ತೀರಿಹೋದವರ ಹೆಸರಿನ ಮ್ಯಾಲ ಅಪ್ಪ ಗೆರಿ ಎಳದಿಲ್ಲ.
ಮಗ್ಗಲಕ ಸಣ್ಣ ಚುಕ್ಕಿ, ಅಷ್ಟ.
ನಾನೂ ಚುಕ್ಕಿ ಇಟ್ಟೆ.

ನಡುವ ನಾಕು ಹಾಳಿ ಖಾಲಿ ಉಳದಾವ.
ಅತ್ತಿಂದ ಸಾಲ ಬರಾಕತ್ತೈತಿ,
ಇತ್ತಿಂದ ನಾ ಹೊಂಟೇನಿ.

ನಿನ್ನೆ ಹುಚ್ಚೇಶ ಬಂದ. ಬೆಲ್ಲದ ರೊಕ್ಕ ತಂದಿರಲಿಲ್ಲ.
"ಅಕ್ಕಾ, ಆ ಕುಕ್ಕರಿಂದು ಒಂಚೂರು ತೋರಸು,
ಶಿಟ್ಟಿ ಹೊಡೀವಲ್ದು."
ಕೂಡು ಅಂದೆ.
ಪೂರ್ತಿ ಓದು ಅಂದೆ.