ಕೆಳಗೆ ಗಡಿಯಾರದಂಗಡಿ

ಶಿವರಾಂಪೇಟೆಯ ಈ ಮನೆಗೆ ಸೊಸೆಯಾಗಿ ಬಂದ ಮಾರನೆಯ ದಿನ
ಅತ್ತೆ ಮೊದಲು ಹೇಳಿಕೊಟ್ಟದ್ದು
ಸಾರಿನ ಪುಡಿಯ ಅಳತೆಯಲ್ಲ, ಕಸ ಗುಡಿಸುವ ಹೊತ್ತು.
"ಹತ್ತರೊಳಗೆ ಮುಗಿಸಿಬಿಡು ನೀಲಾಂಬಿಕೆ,
ಕಲೀಮುಲ್ಲಾ ಸಾಹೇಬರು ಬಾಗಿಲು ತೆಗೆದ ಮೇಲೆ
ಪೊರಕೆ ಮುಟ್ಟೋ ಹಾಗಿಲ್ಲ."

ನಮ್ಮದು ಮಹಡಿ, ಹಲಗೆಯ ನೆಲ.
ಕಾಕನಕೋಟೆಯ ತೇಗ ಅಂತ ಮಾವನವರ ಮಾತು; ರಶೀದಿ ಇಲ್ಲ.
ಹಲಗೆ ಹಲಗೆಯ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು,
ಸಂದಿನ ಕೆಳಗೆ ಸಾಹೇಬರ ಮೇಜು,
ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಗಡಿಯಾರಗಳು.
ನಮ್ಮ ಮನೆಯ ಧೂಳು ಒಂದು ಕಣ ಬಿದ್ದರೂ
ಯಾರದೋ ಮದುವೆಯ ವಾಚು
ದಿನಕ್ಕೆ ಎಂಟು ನಿಮಿಷ ಹಿಂದೆ.

ಅದಕ್ಕೇ ಅವರ ಹತ್ತಿರ ಒಂದು ಛತ್ರಿ,
ಮಳೆಗಲ್ಲ, ಸೂರಿಗೆ ಕುಟ್ಟಲು.
ಒಂದು ಕುಟ್ಟಿದರೆ, ಯಾರೋ ಓಡುತ್ತಿದ್ದಾರೆ.
ಎರಡು ಕುಟ್ಟಿದರೆ, ನೀರು.
ಮೂರು ಕುಟ್ಟಿದ್ದು ಒಂದೇ ಸಲ,
ನನಗೆ ನೋವು ಶುರುವಾದ ರಾತ್ರಿ
ಮನೆಮಂದಿಯೆಲ್ಲ ಒಟ್ಟಿಗೆ ಓಡಾಡಿದಾಗ,
"ಏನಾಯ್ತು?" ಎಂದು.

ಒಂಬತ್ತು ಜನ ನಾವು, ಹದಿನೆಂಟು ಕಾಲು,
ಅತ್ತೆಯ ಊರುಗೋಲೂ ಸೇರಿದರೆ ಹತ್ತೊಂಬತ್ತು.
ಮೈದುನನ ಬ್ಯಾಟು, ನಾದಿನಿಯ ಗೆಜ್ಜೆ,
ಬೀದಿಯ ಮಣ್ಣನ್ನೆಲ್ಲ ಬೂಟಿನಲ್ಲಿ ಹೊತ್ತು ತರುವ ಚಿನ್ಮಯಿ.
ಸ್ನಾನ ಮುಗಿಸಿ ಹಸಿತಲೆಯಲ್ಲೇ ಪೇಪರ್ ಹುಡುಕುವ ಗಂಡ,
ಅವನ ಹಿಂದೆ ಹನಿಗಳ ಸಾಲು,
ಸಾಲಿನ ಹಿಂದೆ ಬಟ್ಟೆ ಹಿಡಿದು ನಾನು.

ಬೈಸಿಕೊಂಡೇ ಕಲಿತೆ.
ತೇಗಕ್ಕೆ ಬಕೆಟ್ಟು ನೀರು ಆಗದು,
ಹಿಂಡಿ, ಮತ್ತೆ ಹಿಂಡಿ, ಮಣಿಕಟ್ಟು ನೋಯುವಷ್ಟು ಹಿಂಡಿದ ಬಟ್ಟೆ ಸಾಕು.
ಧೂಳಿಗೆ ಮಾವನವರ ಹಳೆ ಪಂಚೆಯನ್ನು ಮೀರಿಸಿದ್ದಿಲ್ಲ.
ಮಂಚದ ಕಾಲಿಗೆ ಸೈಕಲ್ ಟ್ಯೂಬಿನ ಚೂರು.
ಫಿನಾಯಿಲ್ ಹೆಸರೆತ್ತಬೇಡಿ.
ವರ್ಷಕ್ಕೊಮ್ಮೆ ಜೇನುಮೇಣ, ಅಗಸೆಯೆಣ್ಣೆ,
ಎಳೆ ಹರಿದ ಕಡೆಗೇ ಉಜ್ಜಬೇಕು
ಬೆಕ್ಕಿನ ಬೆನ್ನು ಸವರಿದ ಹಾಗೆ;
ಎದುರು ಸವರಿದರೆ ಮುನಿಯುತ್ತದೆ.

ಈ ಸಲ ಆಚಾರ್ರನ್ನು ಕರೆಸಿದೆವು.
ಅವರು ಹಲಗೆಯ ಅಂಚಿಗೆ ಎರಡು ರೂಪಾಯಿ ನಾಣ್ಯ ಹಿಡಿದು,
ಕಣ್ಣು ಕಿರಿದು ಮಾಡಿ,
"ಮಿಷನ್ನು ಹಾಕಿ ಉಜ್ಜಿದ್ರೆ ಹೊಸಾ ನೆಲ ತಾಯೀ.
ಆದ್ರೆ ಇದಕ್ಕೆ ಇನ್ನು ಉಳಿದಿರೋದು ಒಂದೇ ಉಜ್ಜು.
ಆಮೇಲೆ ಮೊಳೆ ತಲೆ ಎತ್ತುತ್ತೆ."

ಒಂದೇ ಉಜ್ಜು.
ನಾನು ನೆಲ ನೋಡಿದೆ.
ಕುಕ್ಕರ್ ಕೂತೆದ್ದ ಕಪ್ಪು ಬಳೆ,
ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ನಾದಿನಿ ಮರೆತಿಟ್ಟ ಇಸ್ತ್ರಿಪೆಟ್ಟಿಯ ಮೂತಿ,
ಕಿಟಕಿಯ ಪಕ್ಕ ನಾಲ್ಕು ಗುಳಿ, ಮಾವನವರ ಮಂಚದ್ದು.
ಅವುಗಳ ನಡುವೆ ಬಿಸಿಲು ತಾಗದ ಒಂದು ಆಯತ
ಇವತ್ತಿಗೂ ಮದುವೆಗೆ ಮುಂಚಿನ ಬಣ್ಣ.

"ಇರಲಿ ಬಿಡಿ ಆಚಾರ್ರೇ" ಅಂದೆ,
"ಆ ಒಂದನ್ನ ಮುಂದೆ ಯಾರಾದರೂ ಖರ್ಚು ಮಾಡಲಿ."
ಗಂಡ ನನ್ನ ಮುಖ ನೋಡಿ ಕಾಫಿ ತರಲು ಎದ್ದ.

ಹೋದ ವಾರ ಸಾಹೇಬರ ಕಣ್ಣಿನ ಆಪರೇಷನ್, ಅಂಗಡಿಗೆ ಬೀಗ.
ಮಕ್ಕಳಿಗೆ ಜಾತ್ರೆ.
ನಾನೂ ಮಟಮಟ ಮಧ್ಯಾಹ್ನ ಗುಡಿಸಿದೆ, ಬೇಕಂತಲೇ.
ಎರಡನೆಯ ದಿನ ಯಾಕೋ ಹತ್ತು ಹೊಡೆಯುವ ಮೊದಲೇ
ಪೊರಕೆ ಮೂಲೆಗೆ ಹೋಗಿತ್ತು.
ಚಿನ್ಮಯಿ ಬೋರಲು ಮಲಗಿ ಗಂಟಿನ ತೂತಿಗೆ ಕಣ್ಣಿಟ್ಟು,
"ಅಮ್ಮಾ, ಕತ್ತಲಲ್ಲೂ ನಡೀತಾನೇ ಇವೆ" ಅಂದಳು.

ಇವತ್ತು ಹತ್ತೂ ಐದಕ್ಕೆ ಕೆಳಗಿನಿಂದ ಛತ್ರಿ, ಒಂದೇ ಪೆಟ್ಟು.
ಯಾರೂ ಓಡುತ್ತಿರಲಿಲ್ಲ.
ನಾನು ಮಣೆಯ ಮೇಲೆ ಹುರುಳಿಕಾಯಿ ಸೋಸುತ್ತಿದ್ದೆ.
ಹಿಮ್ಮಡಿಯಿಂದ ನಾನೂ ಒಂದು ಕುಟ್ಟಿದೆ,
ಜೋರಾಗಿಯೇ.
ಒಂದಿಷ್ಟು ಧೂಳು ಬಿದ್ದೇ ಬಿದ್ದಿರಬೇಕು.
ಛತ್ರಿ ಮತ್ತೆ ಏಳಲಿಲ್ಲ.